ದೆವ್ವಕ್ಕೆ ಮೇಕಪ್ ದುಡ್ಡಿಲ್ಲದಾಗ: ಲೋ ಬಜೆಟ್ ಕಲ್ಟ್ ಹಾರರ್ ಕಾಮಿಡಿ ನೋಡಬಹುದಾ?

ಸಿರುಗುಪ್ಪದ ಹತ್ತಿರ ನಮ್ಮ ದೊಡ್ಡವ್ವನ ಮನೆ. ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಹಾಗಾಗಿ ಊಟ ಮುಗಿಸಿ ಎಲ್ಲರೂ ಮಾಳಿಗೆ ಹತ್ತುತ್ತಾರೆ. ಈ ಸಲ ರಾಯಚೂರಿನಿಂದ ಬಂದ ತಮ್ಮ ಒಂದು ಸಣ್ಣ ಪ್ರೊಜೆಕ್ಟರ್ ತಂದಿದ್ದ. ನೀರಿನ ಟ್ಯಾಂಕಿಗೆ ಒಂದು ತುದಿ, ಬಟ್ಟೆ ಒಣಗಿಸುವ ಕಂಬಕ್ಕೆ ಇನ್ನೊಂದು ತುದಿ ಕಟ್ಟಿ ಬಿಳಿ ಪಂಚೆ ಬಿಗಿದ. ಸಣ್ಣ ಮಕ್ಕಳನ್ನು ಕೆಳಗೆ ಮಲಗಿಸಿದ ಮೇಲೆ 'ಈವಿಲ್ ಡೆಡ್ 2' ಹಾಕಿದ. 1987ರ ಅಮೆರಿಕದ ಸಿನಿಮಾ. ಇಂಗ್ಲಿಷು.

ಅದರಲ್ಲಿ ಒಂದು ಸೀನ್ ಇದೆ. ಕಾಡಿನ ಮನೆಯಲ್ಲಿ ಸಿಕ್ಕಿಕೊಂಡ ನಾಯಕನ ಬಲಗೈಗೆ ಮಾತ್ರ ದೆವ್ವ ಹಿಡಿಯುತ್ತದೆ. ಬೇರೆಲ್ಲ ಅವನೇ, ಕೈ ಮಾತ್ರ ಅವನದಲ್ಲ. ಆ ಕೈ ಅವನ ಕೂದಲು ಹಿಡಿದು ಎಳೆಯುತ್ತೆ, ಅಡುಗೆಮನೆಯ ಪ್ಲೇಟು ಒಂದೊಂದಾಗಿ ತೆಗೆದು ಅವನ ತಲೆಗೇ ಒಡೆಯುತ್ತೆ. ಕೊನೆಗೆ ಅವನು ಕೈಯನ್ನೇ ಕತ್ತರಿಸಿ ಹಾಕಿ, ಅದು ಓಡಿ ಹೋಗದ ಹಾಗೆ ಮೇಲೆ ಬಕೆಟ್ ಬೋರಲು ಹಾಕಿ, ಬಕೆಟ್ ಮೇಲೆ ಪುಸ್ತಕ ಹೇರುತ್ತಾನೆ. ಇಂಗ್ಲಿಷಿನ ಒಂದು ಅಕ್ಷರ ಬಾರದ ದೊಡ್ಡವ್ವ ಪ್ಲೇಟು ಒಡೆಯುವಾಗ ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕಳು. "ಅದೇನ್ ರಕ್ತನೋ ಅದು, ಶರಬತ್ ಇದ್ದಂಗೈತಿ" ಅಂತ ನಡುನಡುವೆ ತಕರಾರು ಬೇರೆ. ಆಮೇಲೆ ಕೆಳಗೆ ನೀರು ಕುಡಿಯೋಕೆ ಒಬ್ಬಳೇ ಹೋಗು ಅಂದರೆ ಹೋಗಲಿಲ್ಲ.

2025ರ ಜುಲೈನಲ್ಲಿ 'ಸು ಫ್ರಮ್ ಸೋ' ಬಂತಲ್ಲ. ದೊಡ್ಡ ಸ್ಟಾರ್ ಇಲ್ಲ, ಕರಾವಳಿಯ ಒಂದು ಹಳ್ಳಿ, ಒಬ್ಬ ಹುಡುಗನಿಗೆ ದೆವ್ವ ಹಿಡಿದಿದೆ ಅನ್ನೋ ಗಾಳಿಸುದ್ದಿ. ಅಷ್ಟರ ಮೇಲೆ ನಡೆದ ಸಿನಿಮಾ ರಾಜ್ಯದ ತುಂಬ ಓಡಿತು, ನಮ್ಮ ಬಳ್ಳಾರಿ ಕಡೆನೂ ಮಂಗಳೂರು ಕಡೆಯ ಮಾತು ಕೇಳಿ ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಶುರು. ಫೋನ್ ತೆಗೆದರೆ ಇಂಥದ್ದೇ ಸಿನಿಮಾ ತೋರಿಸುತ್ತೆ. ಜಪಾನಿನದು, ನ್ಯೂಜಿಲೆಂಡಿನದು, ಹಳೇ ಹಿಂದಿಯದು. ಎಲ್ಲದರ ಕೆಳಗೂ "ಕಲ್ಟ್" ಅಂತ ಬರೆದಿರುತ್ತೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದರು: ಈ ಅಗ್ಗದ ದೆವ್ವದ ಸಿನಿಮಾಗಳಲ್ಲಿ ಏನಿದೆ? ಎರಡು ಗಂಟೆ ಕೊಡಬಹುದಾ? ಅವರಿಗೆ ಬರೆದ ಉತ್ತರ ಉದ್ದ ಆಯಿತು, ಅದೇ ಇದು.

ಮೊದಲು ಈ ಪದಗಳು

ಲೋ ಬಜೆಟ್ ಅಂದರೆ ಇಷ್ಟೇ ದುಡ್ಡು ಅಂತ ಗೆರೆ ಇಲ್ಲ. ಆ ಊರಿನ, ಆ ಕಾಲದ ಮಾಮೂಲಿ ಸಿನಿಮಾಗೆ ಹೋಲಿಸಿದರೆ ತೀರಾ ಕಡಿಮೆ ಅಂತ ಅರ್ಥ. 1960ರಲ್ಲಿ ರೋಜರ್ ಕಾರ್ಮನ್ ಅನ್ನೋ ಅಮೆರಿಕದ ನಿರ್ದೇಶಕ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' ಮಾಡಿದ. ಹೂವಿನ ಅಂಗಡಿಯಲ್ಲಿ ಮನುಷ್ಯರನ್ನು ತಿನ್ನುವ ಗಿಡದ ಕಥೆ. ಬೇರೆ ಸಿನಿಮಾಗೆ ಹಾಕಿದ್ದ ಸೆಟ್ ಇನ್ನೂ ಬಿಚ್ಚಿರಲಿಲ್ಲ, ಅದರಲ್ಲೇ ಮುಖ್ಯ ಶೂಟಿಂಗನ್ನು ಎರಡೇ ದಿನದಲ್ಲಿ ಮುಗಿಸಿದ. ಖರ್ಚು ಸುಮಾರು 30 ಸಾವಿರ ಡಾಲರ್. ಮದುವೆ ಮುಗಿದ ಪೆಂಡಾಲು ಬಿಚ್ಚೋ ಮುಂಚೆ ಅದರಲ್ಲೇ ಪಕ್ಕದ ಮನೆಯವರು ನಾಮಕರಣ ಮುಗಿಸಿಕೊಳ್ಳಲ್ವಾ, ಹಾಗೆ.

ಹಾರರ್ ಕಾಮಿಡಿ ಅಂದರೆ ಹೆದರಿಕೆ, ನಗು ಎರಡೂ ಒಂದೇ ಸಿನಿಮಾದಲ್ಲಿ. ಆದರೆ ಇಲ್ಲಿ ಒಂದು ಸಣ್ಣ ವ್ಯತ್ಯಾಸ ಗಮನಿಸಬೇಕು. ನಮ್ಮಲ್ಲಿ ಬಹಳ ದಿನ ನಡೆದದ್ದು ಪಕ್ಕಪಕ್ಕ ಇಡುವ ಪದ್ಧತಿ: ಹತ್ತು ನಿಮಿಷ ದೆವ್ವ, ಆಮೇಲೆ ಹತ್ತು ನಿಮಿಷ ಕಾಮಿಡಿ ಟ್ರ್ಯಾಕು, ಮತ್ತೆ ದೆವ್ವ. ಅದು ತಟ್ಟೆಯಲ್ಲಿ ಅನ್ನ ಒಂದು ಕಡೆ, ಮೊಸರು ಇನ್ನೊಂದು ಕಡೆ ಬಡಿಸಿದ ಹಾಗೆ. ನಿಜವಾದ ಹಾರರ್ ಕಾಮಿಡಿ ಮೊಸರನ್ನ ಕಲಸಿದ್ದು. ಆ ಕೈ ಸೀನ್ ಇದೆಯಲ್ಲ, ಅದರಲ್ಲಿ ಹೆದರಿಸುವ ಭಾಗ ಯಾವುದು, ನಗಿಸುವ ಭಾಗ ಯಾವುದು ಅಂತ ಬಿಡಿಸೋಕೆ ಆಗಲ್ಲ.

ಕಲ್ಟ್ ಅನ್ನೋದು ಮೂರೂ ಪದಗಳಲ್ಲಿ ಹೆಚ್ಚು ಸವೆದದ್ದು. ಈಗ ಟ್ರೇಲರ್ ಬಂದ ಅರ್ಧ ಗಂಟೆಗೇ "ಕಲ್ಟ್ ಗುರು" ಅಂತ ಕಾಮೆಂಟ್ ಬೀಳುತ್ತೆ. ಹಾಗಾಗಲ್ಲ. ಕಲ್ಟ್ ಅಂತ ಯಾರೂ ಮಾಡೋಕೆ ಬರಲ್ಲ, ಅದು ಆಮೇಲೆ ಆಗುವಂಥದ್ದು. ಬೋರ್ಡೇ ಇಲ್ಲದ ಒಂದು ಮಿರ್ಚಿ ಬಂಡಿ ಇರುತ್ತೆ ನೋಡಿ, ಊರಿನ ಅರ್ಧ ಜನಕ್ಕೆ ಅದು ಗೊತ್ತೇ ಇರಲ್ಲ, ಗೊತ್ತಿದ್ದವರು ಮಾತ್ರ ಎಂಟು ಕಿಲೋಮೀಟರ್ ಗಾಡಿ ಹೊಡ್ಕೊಂಡು ಬರ್ತಾರೆ, ಬಂಡಿಯವನು ಬೈದರೂ ಬರ್ತಾರೆ. ಅಂಥ ಸಿನಿಮಾ ಕಲ್ಟ್. ಎಷ್ಟು ಜನ ನೋಡಿದರು ಅನ್ನೋದು ಲೆಕ್ಕ ಅಲ್ಲ, ನೋಡಿದವರು ಎಷ್ಟು ಸಲ ನೋಡಿದರು, ಡೈಲಾಗು ಎಷ್ಟು ಬಾಯಿಪಾಠ ಆಗಿದೆ, ಬೇರೆಯವರನ್ನು ಎಳ್ಕೊಂಡು ಬಂದು ಕೂರಿಸಿದರಾ ಅನ್ನೋದು ಲೆಕ್ಕ. ಆ ಅರ್ಥದಲ್ಲಿ 'ಸು ಫ್ರಮ್ ಸೋ' ಇನ್ನೂ ಕಲ್ಟ್ ಅಲ್ಲ. ಅದು ಹಿಟ್. ಕಲ್ಟ್ ಆಗುತ್ತಾ ಅಂತ ಹತ್ತು ವರ್ಷ ಬಿಟ್ಟು ನೋಡಬೇಕು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 'ದಿ ರಾಕಿ ಹಾರರ್ ಪಿಕ್ಚರ್ ಶೋ'. 1975ರಲ್ಲಿ ಬಂತು, ತೋಪಾಯಿತು. ಮರುವರ್ಷ ನ್ಯೂಯಾರ್ಕಿನ ಒಂದು ಥಿಯೇಟರಿನಲ್ಲಿ ಮಧ್ಯರಾತ್ರಿ ಶೋ ಹಾಕಿದರು. ಬಂದವರೇ ಮತ್ತೆ ಮತ್ತೆ ಬಂದರು. ಪರದೆಗೆ ಉತ್ತರ ಕೊಡೋಕೆ ಶುರು ಮಾಡಿದರು. ಸಿನಿಮಾದಲ್ಲಿ ಮದುವೆ ನಡೆದರೆ ಇವರೂ ಅಕ್ಕಿ ಎರಚುವುದು, ಮಳೆ ಬಂದರೆ ತಲೆ ಮೇಲೆ ಪೇಪರ್ ಹಿಡಿಯುವುದು. ನಮ್ಮಲ್ಲಿ ಹೀರೋ ಎಂಟ್ರಿಗೆ ಪೇಪರ್ ಚೂರು ಎರಚುತ್ತೀವಿ, ಅದು ಹೀರೋಗೆ. ಅಲ್ಲಿ ಎರಚಿದ್ದು ಕಥೆಗೆ.

ದುಡ್ಡಿಲ್ಲದವರು ದೆವ್ವದ ಹಿಂದೆಯೇ ಯಾಕೆ ಬೀಳ್ತಾರೆ?

ಯುದ್ಧ ತೋರಿಸಬೇಕಂದರೆ ಆನೆ ಕುದುರೆ ಬೇಕು. ಪ್ರೇಮಕಥೆ ಅಂದರೆ ಮುಖ ನೋಡಿ ಜನ ಬರಬೇಕು, ಅಂದರೆ ಸ್ಟಾರ್ ಬೇಕು. ದೆವ್ವಕ್ಕೆ ಒಂದು ಹಳೇ ಮನೆ ಸಾಕು, ನಾಲ್ಕು ಜನ ಹೊಸಬರು ಸಾಕು, ಕರೆಂಟ್ ಹೋದರೆ ಇನ್ನೂ ಒಳ್ಳೆಯದು. ಕತ್ತಲು ಸೆಟ್ಟಿನ ತೂತುಗಳನ್ನೆಲ್ಲ ಮುಚ್ಚುತ್ತೆ. ಮುಖ್ಯವಾಗಿ, ದೆವ್ವವನ್ನು ತೋರಿಸದಿದ್ದರೂ ನಡೆಯುತ್ತೆ. ಬಾಗಿಲು ಕಿರ್ರ್ ಅಂದರೆ ಅರ್ಧ ದೆವ್ವ ಬಂದ ಹಾಗೆ, ಉಳಿದರ್ಧವನ್ನು ನೋಡುವವರ ತಲೆ ತಾನೇ ಮಾಡ್ಕೊಳ್ಳುತ್ತೆ, ಅದೂ ಪುಕ್ಕಟೆ.

ಹಿಂದಿಯಲ್ಲಿ ರಾಮ್ಸೆ ಸೋದರರು ಹೀಗೇ ಬದುಕಿದ್ದು. ಏಳು ಜನ ಅಣ್ಣತಮ್ಮಂದಿರು. ಇಬ್ಬರು ನಿರ್ದೇಶನ, ಒಬ್ಬ ಕ್ಯಾಮೆರಾ, ಒಬ್ಬ ಸೌಂಡು, ಒಬ್ಬ ಕಥೆ, ಹೀಗೆ. ಮನೆಮಂದಿಯೇ ನಡೆಸುವ ಖಾನಾವಳಿ ಇದ್ದ ಹಾಗೆ, ಸಂಬಳ ಹೊರಗೆ ಹೋಗಲ್ಲ. 1972ರ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ ಶುರುವಾದ ಅವರ ದೆವ್ವದ ಅಂಗಡಿ 1984ರ 'ಪುರಾನಾ ಮಂದಿರ್' ಹೊತ್ತಿಗೆ ಚೆನ್ನಾಗಿ ಕುದುರಿತ್ತು. ವಿಸಿಆರ್ ಬಾಡಿಗೆಗೆ ತಂದು ರಾತ್ರಿಯೆಲ್ಲ ಮೂರು ಸಿನಿಮಾ ನೋಡುತ್ತಿದ್ದ ಕಾಲದಲ್ಲಿ ಮೂರನೆಯದು ಇವರದೇ ಆಗಿರುತ್ತಿತ್ತು ಅಂತ ನಮ್ಮ ಮಾವ ಈಗಲೂ ಹೇಳ್ತಾರೆ. ಬೆಳಗಿನ ಜಾವ ಮೂರಕ್ಕೆ ಅದನ್ನು ಹಾಕಿದರೆ ಮಲಗಿದವರೂ ಏಳ್ತಿದ್ದರಂತೆ.

ದೆವ್ವಕ್ಕೆ ನಗು ಯಾಕೆ ಬಂದು ಸೇರಿಕೊಳ್ಳುತ್ತೆ ಅನ್ನೋದಕ್ಕೆ ಒಂದು ಬಡತನದ ಕಾರಣವೂ ಇದೆ. ತೋರಿಸದೆ ಎಷ್ಟು ಹೊತ್ತು ತಳ್ಳೋದು? ಒಂದಲ್ಲ ಒಂದು ಹೊತ್ತಿನಲ್ಲಿ ದೆವ್ವ ಬೆಳಕಿಗೆ ಬರಲೇಬೇಕು. ಬಂದಾಗ ಅದರ ಕೋರೆಹಲ್ಲು ಪ್ಲಾಸ್ಟಿಕ್ಕಿನದು ಅಂತ ಗೊತ್ತಾಗುತ್ತೆ, ಕೂದಲು ವಿಗ್ಗು ಅಂತ ಗೊತ್ತಾಗುತ್ತೆ. ಆಗ ಜನ ಹೇಗೂ ನಗ್ತಾರೆ. ಜಾಣ ನಿರ್ದೇಶಕ ಆ ನಗುವನ್ನು ತಾನೇ ಮೊದಲು ಕೇಳಿಸಿಕೊಂಡಿರುತ್ತಾನೆ, ಅದಕ್ಕೆ ಕಥೆಯಲ್ಲೇ ಜಾಗ ಮಾಡಿಟ್ಟಿರುತ್ತಾನೆ.

ಹೆದರಿಕೆ, ನಗು ಒಂದೇ ಹೊಟ್ಟೆಯಿಂದ ಹೇಗೆ ಬರುತ್ತೆ?

ಬಾಗಿಲ ಹಿಂದೆ ನಿಂತು "ಭೋ" ಅಂತ ಹೆದರಿಸುವ ಆಟ ಯಾರು ಆಡಿಲ್ಲ? ಮಗು ಮೊದಲು ಬೆಚ್ಚಿ ಬೀಳುತ್ತೆ. ಎದುರಿಗಿರೋದು ಮಾವ ಅಂತ ಗೊತ್ತಾದ ಕೂಡಲೇ ಕಿಲಕಿಲ ನಗುತ್ತೆ, "ಇನ್ನೊಂದ್ಸಲ" ಅನ್ನುತ್ತೆ. ಅದೇ ಬಾಗಿಲ ಹಿಂದೆ ಗುರುತಿಲ್ಲದವನು ನಿಂತಿದ್ದರೆ ನಗು ಬರಲ್ಲ, ಚೀರಾಟ ಬರುತ್ತೆ. ಬೆಚ್ಚಿದ್ದು ಎರಡು ಸಲವೂ ಒಂದೇ. ಬದಲಾದದ್ದು "ಇದರಿಂದ ನನಗೇನೂ ಆಗಲ್ಲ" ಅನ್ನೋ ಧೈರ್ಯ ಮಾತ್ರ. ಅಮೆರಿಕದ ಪೀಟರ್ ಮೆಕ್‌ಗ್ರಾ, ಕ್ಯಾಲೆಬ್ ವಾರೆನ್ ಅನ್ನೋ ಸಂಶೋಧಕರು 2010ರಲ್ಲಿ ನಗುವಿನ ಬಗ್ಗೆ ಇದೇ ಮಾತು ಹೇಳಿದರು: ಏನೋ ಒಂದು ತಪ್ಪಾಗಿದೆ ಅನ್ನಿಸಬೇಕು, ಅದೇ ಹೊತ್ತಿಗೆ ಅದರಿಂದ ಅಪಾಯ ಇಲ್ಲ ಅಂತಲೂ ಅನ್ನಿಸಬೇಕು, ಆಗ ನಗು ಹುಟ್ಟುತ್ತೆ. ಬಕೆಟ್ ಕೆಳಗೆ ಮಿಸುಕಾಡುವ ಕೈಯನ್ನು ನೆನಪಿಸಿಕೊಳ್ಳಿ. ಕತ್ತರಿಸಿದ ಕೈ, ಭಯಂಕರ. ಬಕೆಟ್ ಬೋರಲು ಹಾಕಿದ್ದು ಕೋಳಿಮರಿ ಮುಚ್ಚಿಟ್ಟ ಹಾಗಿದೆ, ತಮಾಷೆ.

ಇನ್ನೊಂದು, ಎರಡಕ್ಕೂ ಬೇಕಾದ್ದು ಹೊತ್ತಿನ ಲೆಕ್ಕ. ಜೋಕ್ ಹೇಳುವವನು ಕೊನೆಯ ಮಾತಿಗೆ ಮುಂಚೆ ಒಂದು ಕ್ಷಣ ನಿಲ್ಲಿಸುತ್ತಾನೆ. ದೆವ್ವ ತೋರಿಸುವವನೂ ಅಲ್ಲೇ ನಿಲ್ಲಿಸುತ್ತಾನೆ. ಒಂದು ಕ್ಷಣ ಹೆಚ್ಚಾದರೆ ಎರಡೂ ಕೆಡುತ್ತೆ.

ಇದೆಲ್ಲ ಹೊರಗಿನಿಂದ ಬಂದ ಹೊಸ ರುಚಿ ಅಂತ ಅನ್ನಿಸಬಹುದು. ಅಲ್ಲ. ನಮ್ಮ ಕಡೆಯ ತೊಗಲುಗೊಂಬೆ ಆಟ ನೋಡಿದವರಿಗೆ ಕಿಳ್ಳೇಕ್ಯಾತ ಗೊತ್ತು. ರಾಮಾಯಣದ ಯುದ್ಧ ನಡೆಯುತ್ತಿರುತ್ತೆ, ತಲೆಗಳು ಹಾರುತ್ತಿರುತ್ತವೆ, ನಡುವೆ ಈ ಕರ್ರಗಿನ ಕೆದರಿದ ಕೂದಲಿನ ಗೊಂಬೆ ಬಂದು ಹೆಂಡತಿ ಬಂಗಾರಕ್ಕನ ಜೊತೆ ಜಗಳಕ್ಕೆ ಬೀಳುತ್ತೆ, ಬಾಯಿಗೆ ಬಂದದ್ದು ಆಡುತ್ತೆ. ಆ ಪೋಲಿ ಮಾತುಗಳನ್ನು ಇಲ್ಲಿ ಬರೆಯೋಕೆ ಆಗಲ್ಲ, ಕೇಳಿದವರು ಈಗ ನಕ್ಕಿರುತ್ತೀರಿ. ಇದೇ ತೊಗಲುಗೊಂಬೆ ಕಲೆಗೆ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಚರ್ಮದ ಗೊಂಬೆ, ಒಂದು ಬಿಳಿ ಬಟ್ಟೆ, ಹಿಂದೆ ದೀಪ. ಅದಕ್ಕಿಂತ ಲೋ ಬಜೆಟ್ ಇನ್ನೇನಿದೆ? ನಮ್ಮ ಮಾಳಿಗೆಯ ಪಂಚೆ ಪರದೆ ನೋಡಿದಾಗ ನನಗೆ ಮೊದಲು ನೆನಪಾದದ್ದೂ ಅದೇ.

ಬಯಲಾಟದ ರಾಕ್ಷಸನೂ ಹಾಗೇ. ಪಂಜಿನ ಬೆಳಕಿನಲ್ಲಿ ಅಬ್ಬರಿಸಿ ಬಂದರೆ ಚಿಕ್ಕವರು ಅವ್ವನ ಸೆರಗಿನ ಹಿಂದೆ. ಆ ರಾಕ್ಷಸ ನಮ್ಮ ಊರಿನ ಟೇಲರ್ ಅಂತ ಎಲ್ಲರಿಗೂ ಗೊತ್ತು. ಕಿರೀಟ ಒಂದು ಕಡೆ ವಾಲಿರುತ್ತೆ. "ಏ, ಕಿರೀಟ ಬೀಳ್ತದ ನೋಡು" ಅಂತ ಕುಂತವರು ಕೂಗ್ತಾರೆ. ಅವನು ಅಬ್ಬರಿಸುತ್ತಲೇ ಸರಿ ಮಾಡ್ಕೊಳ್ತಾನೆ. ಆಟ ಕೆಟ್ಟಿತಾ? ಇಲ್ಲ, ಇನ್ನೂ ರಂಗೇರಿತು.

ಬೇಕಂತ ಮಾಡಿದ್ದು, ತಾನಾಗಿ ಆದದ್ದು

ಹುಡುಕೋಕೆ ಹೊರಟರೆ ಎರಡು ಥರದ ಸಿನಿಮಾ ಸಿಗುತ್ತೆ, ಎರಡನ್ನೂ ಒಂದೇ ಹೆಸರಿನಲ್ಲಿ ಕರೀತಾರೆ, ಗೊಂದಲ ಆಗೋದು ಇಲ್ಲೇ.

ಒಂದು, ನಗಿಸೋಕೆ ಅಂತಲೇ ಮಾಡಿದ್ದು. ಕಾರ್ಮನ್‌ನ ಆ ಗಿಡದ ಸಿನಿಮಾ ಅಂಥದ್ದು. ಅದರಲ್ಲಿ ಆಗಿನ್ನೂ ಯಾರಿಗೂ ಗೊತ್ತಿಲ್ಲದ ಜ್ಯಾಕ್ ನಿಕಲ್ಸನ್ ಒಂದು ಚಿಕ್ಕ ಪಾತ್ರ ಮಾಡಿದ್ದಾನೆ, ಹಲ್ಲಿನ ಡಾಕ್ಟರ್ ಹತ್ತಿರ ನೋವು ಬೇಕು ಅಂತಲೇ ಬರುವ ರೋಗಿ.

ಇನ್ನೊಂದು, ಹೆದರಿಸೋಕೆ ಹೋಗಿ ನಗಿಸಿದ್ದು. ಎಡ್ ವುಡ್ ಅನ್ನೋ ನಿರ್ದೇಶಕನ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಇದಕ್ಕೆ ದೊಡ್ಡ ಹೆಸರು. ಡ್ರಾಕುಲಾ ಪಾತ್ರದಿಂದ ಹೆಸರಾಗಿದ್ದ ಬೆಲಾ ಲುಗೋಸಿ ಕೆಲವೇ ನಿಮಿಷದ ಶೂಟಿಂಗ್ ಮುಗಿಸಿ 1956ರಲ್ಲಿ ತೀರಿಕೊಂಡ. ಎಡ್ ವುಡ್ ಬಿಡಲಿಲ್ಲ. ತನ್ನ ಹೆಂಡತಿಗೆ ಬೆನ್ನುಮೂಳೆ ಚಿಕಿತ್ಸೆ ಕೊಡುತ್ತಿದ್ದವನನ್ನು ಕರೆದು, ಕರಿ ನಿಲುವಂಗಿಯಿಂದ ಮುಖ ಮುಚ್ಚಿಕೊಳ್ಳೋಕೆ ಹೇಳಿ ಉಳಿದ ಸೀನೆಲ್ಲ ಮುಗಿಸಿದ. ಎತ್ತರ ಬೇರೆ, ನಡಿಗೆ ಬೇರೆ, ನೋಡಿದವರಿಗೆಲ್ಲ ಗೊತ್ತಾಗುತ್ತೆ. 1980ರಲ್ಲಿ ಅದಕ್ಕೆ ಇದುವರೆಗಿನ ಅತಿ ಕೆಟ್ಟ ಸಿನಿಮಾ ಅನ್ನೋ ಪಟ್ಟ ಕಟ್ಟಿದರು. ಅಲ್ಲಿಂದ ನೋಡುವವರು ಜಾಸ್ತಿ ಆದರು! ರಾಮ್ಸೆಯವರ ಸಿನಿಮಾಗಳೂ ಈಗ ಅರ್ಧ ಇದೇ ಸಾಲಿಗೆ ಬರುತ್ತವೆ. ಅವರ ಕಾಮಿಡಿ ಟ್ರ್ಯಾಕಿಗೆ ಇಂದಿನ ಹುಡುಗರು ನಗಲ್ಲ, ದೆವ್ವ ಬಂದಾಗ ನಗ್ತಾರೆ.

ಈ ಎರಡನೆಯ ಥರದಲ್ಲಿ ಒಂದು ಪ್ರಾಮಾಣಿಕತೆ ಇರುತ್ತೆ, ನನಗೆ ಅದು ಇಷ್ಟ. ಮಾಡಿದವನು ಪೂರ್ತಿ ನಂಬಿ ಮಾಡಿರುತ್ತಾನೆ. ಇತ್ತೀಚೆಗೆ ಬಂದಿರುವ ಮೂರನೆಯ ಥರ ನನಗೆ ಅಷ್ಟಾಗಿ ಸೇರಲ್ಲ: ಜನ ಕೆಟ್ಟ ಸಿನಿಮಾ ನೋಡಿ ನಗ್ತಾರಲ್ಲ, ನಾವೂ ಬೇಕಂತಲೇ ಕೆಟ್ಟದಾಗಿ ಮಾಡೋಣ ಅಂತ ಹೊರಟವು. 2013ರ 'ಶಾರ್ಕ್‌ನೇಡೊ'ದಲ್ಲಿ ಸುಂಟರಗಾಳಿಗೆ ಸಿಕ್ಕಿದ ಶಾರ್ಕ್ ಮೀನುಗಳು ಆಕಾಶದಿಂದ ಬೀಳುತ್ತವೆ. ಕೇಳಿದಾಗ ನಗು ಬಂತಲ್ಲ? ಅಷ್ಟೇ, ಜೋಕು ಹೆಚ್ಚುಕಡಿಮೆ ಅಲ್ಲಿಗೇ ಮುಗೀತು, ಉಳಿದ ಒಂದೂವರೆ ಗಂಟೆ ಅದನ್ನೇ ಎಳೀತಾರೆ.

ಬಡತನದಲ್ಲಿ ಹುಟ್ಟಿದ ಉಪಾಯಗಳು

ನೋಡಬಹುದಾ ಅನ್ನೋ ಪ್ರಶ್ನೆಗೆ ನನ್ನ ಉತ್ತರದ ಮುಖ್ಯ ಭಾಗ ಇದು. ಈ ಸಿನಿಮಾಗಳಲ್ಲಿ ಕೆಲಸ ಕಣ್ಣಿಗೆ ಕಾಣುತ್ತೆ. ನೂರು ಕೋಟಿಯ ಸಿನಿಮಾದಲ್ಲಿ ಗ್ರಾಫಿಕ್ಸ್ ಹೇಗೆ ಮಾಡಿದರು ಅಂತ ನಮಗೆ ತಿಳಿಯಲ್ಲ, ತಿಳಿಯೋ ಆಸೆನೂ ಆಗಲ್ಲ. ಇಲ್ಲಿ ಪ್ರತಿ ಸೀನಿಗೂ "ಇದನ್ನ ಹೆಂಗ್ ಮಾಡಿರಬಹುದು?" ಅಂತ ತಲೆ ಓಡುತ್ತೆ.

ಮೊದಲನೇ 'ಈವಿಲ್ ಡೆಡ್' ತೆಗೆದುಕೊಳ್ಳಿ. ನಿರ್ದೇಶಕ ಸ್ಯಾಮ್ ರೈಮಿಗೆ ಶೂಟಿಂಗ್ ಶುರುವಾದಾಗ ಇಪ್ಪತ್ತು ವರ್ಷ. ಮೊದಲು ಒಂದು ಚಿಕ್ಕ ಸಿನಿಮಾ ಮಾಡಿ, ಅದನ್ನು ಊರಿನ ಡಾಕ್ಟರು, ವ್ಯಾಪಾರಿಗಳಿಗೆ ತೋರಿಸಿ ಚಂದಾ ಎತ್ತಿದ ಹಾಗೆ ದುಡ್ಡು ಎತ್ತಿದ. ಕಾಡಿನೊಳಗಿನ ಪಾಳುಬಿದ್ದ ಮನೆ, ಮೈ ಕೊರೆಯುವ ಚಳಿ. ಕಾಣದ ಏನೋ ಒಂದು ಕಾಡಿನಲ್ಲಿ ನೆಲದ ಮಟ್ಟದಲ್ಲಿ ನುಗ್ಗಿ ಬರುವ ಹಾಗೆ ತೋರಿಸಬೇಕಿತ್ತು. ಅದಕ್ಕೆ ಬೇಕಾದ ದುಬಾರಿ ಉಪಕರಣ ಇರಲಿಲ್ಲ. ಉದ್ದನೆಯ ಒಂದು ಹಲಗೆ ತಂದರು, ನಡುವೆ ಕ್ಯಾಮೆರಾ ಬಿಗಿದರು, ಚಟ್ಟ ಹೊತ್ತ ಹಾಗೆ ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡ್ಕೊಂಡು ಓಡಿದರು. ಹಲಗೆ ಉದ್ದ ಇದ್ದಷ್ಟೂ ಓಡುವವರ ಕುಲುಕಾಟ ನಡುವಿಗೆ ತಲುಪುವಷ್ಟರಲ್ಲಿ ಕಡಿಮೆ ಆಗುತ್ತೆ. ಪರದೆ ಮೇಲೆ ಅದು ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ಇವತ್ತಿಗೂ ಸಿನಿಮಾ ಕಲಿಯುವ ಹುಡುಗರು ಅದನ್ನು ಮಾಡಿ ನೋಡ್ತಾರೆ. ಶೂಟಿಂಗ್ ಎಳೆದೂ ಎಳೆದೂ ಬಹುಪಾಲು ನಟರು ಬಿಟ್ಟು ಹೋದಾಗ ನಿರ್ದೇಶಕನ ತಮ್ಮ, ಗೆಳೆಯರು ಅವರ ಬಟ್ಟೆ ಹಾಕಿಕೊಂಡು ಬೆನ್ನು ತೋರಿಸಿ, ಕೈ ತೋರಿಸಿ ಸೀನ್ ಮುಗಿಸಿದರು. ಇದೇ ರೈಮಿ 2002ರಲ್ಲಿ 'ಸ್ಪೈಡರ್‌ಮ್ಯಾನ್' ಮಾಡಿದ್ದು.

ಆ ಶರಬತ್ ರಕ್ತ ಜೋಳದ ಸಿಹಿ ಪಾಕ, ಅದಕ್ಕೆ ಕೆಂಪು ಬಣ್ಣ. ಪಾಕ ಯಾಕೆ? ನೀರಾದರೆ ಓಡಿ ಹೋಗುತ್ತೆ, ಪಾಕ ಮೈಗೆ ಅಂಟುತ್ತೆ, ಬೆಳಕಿಗೆ ಹೊಳೆಯುತ್ತೆ. 1968ರ ಕಪ್ಪು ಬಿಳುಪು ಸಿನಿಮಾ 'ನೈಟ್ ಆಫ್ ದಿ ಲಿವಿಂಗ್ ಡೆಡ್'ನಲ್ಲಿ ಚಾಕೊಲೇಟ್ ಪಾಕವನ್ನೇ ರಕ್ತ ಅಂತ ಬಳಸಿದರು, ಬಣ್ಣ ಹೇಗೂ ಕಾಣಲ್ಲವಲ್ಲ.

ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಕಥೆ ಇನ್ನೂ ಚೆಂದ. ಪತ್ರಿಕೆಯೊಂದರಲ್ಲಿ ಕೆಲಸ, ವಾರದ ರಜೆಯಲ್ಲಿ ಗೆಳೆಯರನ್ನು ಸೇರಿಸಿಕೊಂಡು ಶೂಟಿಂಗ್. ಮನುಷ್ಯರ ಮಾಂಸ ಮಾರೋಕೆ ಬೇರೆ ಗ್ರಹದವರು ಬಂದಿಳಿಯುವ ಕಥೆ. ಆ ಗ್ರಹದವರ ಮುಖವಾಡಗಳನ್ನು ಅವನ ಅವ್ವನ ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿದ್ದು. ಸಂಜೆ ಊಟಕ್ಕೆ ಏನು ಮಾಡಿಕೊಳ್ಳುತ್ತಿದ್ದರೋ ಪಾಪ. ನಟರು ಸಾಲದೆ ತಾನೇ ಎರಡು ಪಾತ್ರ ಮಾಡಿದ, ಒಂದಕ್ಕೆ ಗಡ್ಡ ಇದೆ, ಒಂದಕ್ಕೆ ಇಲ್ಲ. ಬೆಟ್ಟದ ತುದಿಯಲ್ಲಿ ಆ ಇಬ್ಬರೂ ಹೊಡೆದಾಡುತ್ತಾರೆ. ಗಡ್ಡ ಬೆಳೆಸಿ ಒಂದು ಭಾಗ, ತೆಗೆದು ಇನ್ನೊಂದು ಭಾಗ. ಸುಮಾರು ನಾಲ್ಕು ವರ್ಷ ಹಿಡಿಯಿತು, 1987ರಲ್ಲಿ 'ಬ್ಯಾಡ್ ಟೇಸ್ಟ್' ಬಂತು. ಅದೇ ಮನುಷ್ಯನ 'ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ 2003ರ ಕೊನೇ ಭಾಗಕ್ಕೆ 11 ಆಸ್ಕರ್ ಬಂದವು.

ಒಂದೇ ಒಂದು ನೋಡ್ತೀನಿ, ಯಾವುದು ಹೇಳು ಅಂದರೆ ನಾನು ಹೇಳೋದು ಜಪಾನಿನ 'ಒನ್ ಕಟ್ ಆಫ್ ದಿ ಡೆಡ್', 2017ರದು. 30 ಲಕ್ಷ ಯೆನ್ ಬಜೆಟ್, ಆಗಿನ ಲೆಕ್ಕದಲ್ಲಿ 20 ಲಕ್ಷ ರೂಪಾಯಿಗೂ ಕಡಿಮೆ, ಅಂದರೆ ನಮ್ಮ ಕಡೆಯ ಒಂದು ಜೋರು ಮದುವೆಯ ಖರ್ಚು. ಯಾರಿಗೂ ಗೊತ್ತಿಲ್ಲದ ನಟರು. ಟೋಕಿಯೋದ ಎರಡೇ ಥಿಯೇಟರಿನಲ್ಲಿ ಶುರುವಾಗಿ ಬಾಯಿಂದ ಬಾಯಿಗೆ ಹರಡಿ, ಕೊನೆಗೆ 300 ಕೋಟಿ ಯೆನ್ ದಾಟಿತು. ಮೊದಲ 37 ನಿಮಿಷ ಎಲ್ಲೂ ಕಟ್ ಇಲ್ಲದ ಒಂದೇ ಶಾಟ್. ಆ 37 ನಿಮಿಷ ಸ್ವಲ್ಪ ಕಳಪೆ ಅನ್ನಿಸುತ್ತೆ. ನಟರು ಮಾತು ಮರೆತ ಹಾಗೆ ನಿಂತುಬಿಡ್ತಾರೆ, ಕ್ಯಾಮೆರಾ ನೆಲದ ಮೇಲೆ ಬಿದ್ದಿರುತ್ತೆ, ಯಾರೋ ಸುಮ್ನೆ ಬಂದು ಹೋಗ್ತಾರೆ. ನಮ್ಮ ತಮ್ಮ ಅಲ್ಲಿಗೇ "ಬಂದ್ ಮಾಡು" ಅಂದಿದ್ದ. ದಯವಿಟ್ಟು ಬಂದ್ ಮಾಡಬೇಡಿ. ಮುಂದೇನು ಅಂತ ಹೇಳಿದರೆ ನಿಮ್ಮ ಖುಷಿ ಕಸಿದ ಹಾಗೆ.

ಕನ್ನಡ, ತೆಲುಗು ಬಲ್ಲವರಿಗೆ

ಬಳ್ಳಾರಿ, ರಾಯಚೂರಿನವರಿಗೆ ಒಂದು ಅನುಕೂಲ, ಎರಡು ಭಾಷೆಯ ಸಿನಿಮಾನೂ ಡಬ್ಬಿಂಗ್ ಇಲ್ಲದೆ ಇಳಿಯುತ್ತೆ. 2013ರ ತೆಲುಗಿನ 'ಪ್ರೇಮ ಕಥಾ ಚಿತ್ರಂ' ಸಣ್ಣ ದುಡ್ಡಿನಲ್ಲಿ ಮಾಡಿ ಗೆದ್ದ ಹಾರರ್ ಕಾಮಿಡಿ, ಮುಂದಿನ ವರ್ಷ ಕನ್ನಡದಲ್ಲಿ 'ಚಂದ್ರಲೇಖ' ಆಯಿತು. ತಮಿಳಿನ 'ಕಾಂಚನಾ' 2012ರಲ್ಲಿ ಉಪೇಂದ್ರ ಅವರ 'ಕಲ್ಪನಾ' ಆಯಿತು. ಅದಕ್ಕೂ ಬಹಳ ಮುಂಚೆ, 1993ರಲ್ಲೇ, ಉಪೇಂದ್ರ 'ಶ್!' ನಿರ್ದೇಶಿಸಿದ್ದರು. ಕಲ್ಟ್ ಅನ್ನೋ ಮಾತು ನಮ್ಮ ಬಾಯಿಗೆ ಬರುವ ಮೊದಲೇ ಅದರ ಅಭಿಮಾನಿಗಳು ಇದ್ದರು.

ಒಂದು ತಕರಾರು ಇದೆ. ನಮ್ಮ ಹಾರರ್ ಕಾಮಿಡಿಗಳಲ್ಲಿ ಅರ್ಧಕ್ಕರ್ಧ ನಗು ದಪ್ಪಗಿರುವವರನ್ನು ದೆವ್ವ ಕಪಾಳಕ್ಕೆ ಹೊಡೆಯುವುದರಿಂದ, ಗಂಡಸಿಗೆ ಸೀರೆ ಉಡಿಸುವುದರಿಂದ ಬರುತ್ತೆ. ಮೊದಲ ಸಲ ಸರಿ. ಏಳನೇ ಸಲ ದೆವ್ವಕ್ಕೂ ಕೈನೋವು ಬಂದಿರಬೇಕು.

ಹಾಗಾದ್ರೆ ನೋಡಬಹುದಾ?

ಹೇಗೆ ನೋಡ್ತೀರಿ, ಯಾರ ಜೊತೆ ನೋಡ್ತೀರಿ ಅನ್ನೋದರ ಮೇಲೆ ಹೋಗುತ್ತೆ. ರಾತ್ರಿ ಬಸ್ಸಿನಲ್ಲಿ ಒಬ್ಬರೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಅಂಗೈಯಷ್ಟು ಪರದೆಯಲ್ಲಿ ನೋಡಿದರೆ ಇವುಗಳಲ್ಲಿ ಬಹುಪಾಲು ಬೋರ್ ಹೊಡೆಯುತ್ತೆ, ಸುಳ್ಳು ಯಾಕೆ. ಪ್ಲಾಸ್ಟಿಕ್ ಹಲ್ಲು ಪ್ಲಾಸ್ಟಿಕ್ ಹಲ್ಲಾಗಿಯೇ ಉಳಿಯುತ್ತೆ. ಅದೇ ಸಿನಿಮಾನ ಆರು ಜನ, ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಇಟ್ಟುಕೊಂಡು ನೋಡಿದರೆ ಬೇರೆಯದೇ. ನಡುವೆ ಮಾತಾಡಿದರೆ ಒಳ್ಳೆಯ ಸಿನಿಮಾ ಕೆಡುತ್ತೆ, ಈ ಸಿನಿಮಾ ಬೆಳೆಯುತ್ತೆ. ಕಿರೀಟ ವಾಲಿದೆ ಅಂತ ಕೂಗೋಕೆ ಒಬ್ಬರಾದರೂ ಬೇಕು.

ಅಗ್ಗ ಅನ್ನೋದು ತಪ್ಪಲ್ಲ, ಮಂದ ಅನ್ನೋದು ತಪ್ಪು. ದುಡ್ಡಿಲ್ಲದ ಸಿನಿಮಾಗಳಲ್ಲಿ ಒಳ್ಳೆಯವು ನಾಲ್ಕು ಇದ್ದರೆ ತಲೆ ಇಲ್ಲದವು ನಲವತ್ತು. ನನ್ನ ಲೆಕ್ಕ ಸರಳ: ಇಪ್ಪತ್ತು ನಿಮಿಷದಲ್ಲಿ ಒಂದಾದರೂ ಹೊಸ ಉಪಾಯ ಕಾಣಬೇಕು. ಕಾಣದಿದ್ದರೆ ಎದ್ದು ಹೋಗಿ ಮಲಗಬಹುದು. ಜಪಾನಿನದಕ್ಕೆ ಮಾತ್ರ ಈ ನಿಯಮ ಇಲ್ಲ, ಮೇಲೆ ಹೇಳಿದ್ದೀನಿ.

ಮಕ್ಕಳ ವಿಷಯದಲ್ಲಿ ಹುಷಾರು. ಕಾಮಿಡಿ ಅಂತ ಬರೆದಿದೆ ಅಂತ ಎಲ್ಲರನ್ನೂ ಕೂರಿಸಬೇಡಿ. 'ಈವಿಲ್ ಡೆಡ್', 'ಬ್ಯಾಡ್ ಟೇಸ್ಟ್' ಎರಡರಲ್ಲೂ ಕೈಕಾಲು ಕತ್ತರಿಸೋದು, ವಾಂತಿ, ರಕ್ತ ಧಾರಾಳ. ಮೊದಲನೇ 'ಈವಿಲ್ ಡೆಡ್' ಬ್ರಿಟನ್ನಿನಲ್ಲಿ ಬಹಳ ಗಲಾಟೆಗೆ ಸಿಕ್ಕಿತ್ತು. ನಮ್ಮಲ್ಲಿ 2024ರಿಂದ ಥಿಯೇಟರ್ ಸರ್ಟಿಫಿಕೇಟಿನಲ್ಲಿ ಯು/ಎ ಅನ್ನೋದನ್ನು 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ಓಟಿಟಿಯಲ್ಲೂ ಶುರುವಿನಲ್ಲೇ ಮೂಲೆಯಲ್ಲಿ ವಯಸ್ಸು ಬರುತ್ತೆ. ಅದನ್ನು ಒಂದು ಸಲ ನೋಡಿ.

ಎಲ್ಲಿಂದ ಶುರು ಮಾಡೋದು ಅಂದರೆ, ಆ ಹೂವಿನಂಗಡಿಯ ಸಿನಿಮಾ. ಅದರ ಹಕ್ಕು ಯಾರ ಕೈಯಲ್ಲೂ ಉಳಿದಿಲ್ಲ, ಪುಕ್ಕಟೆ ನೋಡಬಹುದು, ಅದು ಕಳ್ಳತನ ಅಲ್ಲ. 'ನೈಟ್ ಆಫ್ ದಿ ಲಿವಿಂಗ್ ಡೆಡ್' ಕೂಡ ಹಾಗೇ. ಹೆಸರು ಬದಲಿಸುವ ಗಡಿಬಿಡಿಯಲ್ಲಿ ಹಕ್ಕಿನ ಸಾಲು ಹಾಕೋದನ್ನೇ ಮರೆತರು, ಎಲ್ಲರ ಪಾಲಾಯಿತು. ಅದು ಕಾಮಿಡಿ ಅಲ್ಲ, ಪೂರ್ತಿ ಹೆದರಿಕೆ. ಆದರೆ ಆಮೇಲೆ ಬಂದ ಜೊಂಬಿ (ಎದ್ದು ಓಡಾಡುವ ಹೆಣ) ಕಾಮಿಡಿಗಳು ಹೆಚ್ಚಾಗಿ ಗೇಲಿ ಮಾಡೋದು ಅದನ್ನೇ.

ಇರುವೆ ಹತ್ತಿದ ಹೆಣ

ಮಾಳಿಗೆ ಮೇಲೆ ಎರಡು ರಾತ್ರಿ ಇಂಥವನ್ನು ನೋಡಿದ ಮೇಲೆ ನಮ್ಮ ಹುಡುಗರಿಗೆ ಹುಚ್ಚು ಹಿಡಿಯಿತು. ಹೊಲದ ಪಂಪ್‌ಸೆಟ್ ಮನೆಯಲ್ಲಿ ಫೋನಿನಲ್ಲೇ ದೆವ್ವದ ಸಿನಿಮಾ ಮಾಡೋದು ಅಂತ ಆಯಿತು. ದೆವ್ವಕ್ಕೆ ದೊಡ್ಡವ್ವನ ಬಿಳಿ ಸೀರೆ. ಹೆಣ ನಮ್ಮ ತಮ್ಮ. ರಕ್ತಕ್ಕೆ ಬೆಲ್ಲದ ಪಾಕ ಕಾಯಿಸಿ, ಅಡುಗೆ ಬಣ್ಣ ಹಾಕಿ, ಕಡುಕೆಂಪಾಗಲಿ ಅಂತ ಒಂದು ಚಮಚ ಕಾಫಿಪುಡಿ. ಗಟ್ಟಿಯಾಗಿ, ಹೊಳೆಯುವ ಹಾಗೆ, ಚೆನ್ನಾಗೇ ಬಂದಿತ್ತು. ಕುತ್ತಿಗೆಯಿಂದ ಎದೆವರೆಗೆ ಸುರಿದು ಅವನನ್ನು ಹೊಲದ ಬದುವಿನ ಮೇಲೆ ಮಲಗಿಸಿದೆವು.

ಬೆಲ್ಲ, ಹೊಲದ ಬದು. ಯಾರಿಗೂ ಹೊಳೆಯಲಿಲ್ಲ.

ಹೆಣ ಮೊದಲು ಮೂಗು ಅಲ್ಲಾಡಿಸಿತು. ಆಮೇಲೆ ಕುತ್ತಿಗೆ. "ಅಲ್ಲಾಡಬೇಡ" ಅಂತ ಕ್ಯಾಮೆರಾ ಹಿಡಿದ ನಾನು ಬೈದದ್ದೂ ರೆಕಾರ್ಡ್ ಆಗಿದೆ. ದೆವ್ವ ಇನ್ನೇನು ಬಗ್ಗಿ ಹೆಣದ ಮುಖ ನೋಡಬೇಕು, ಅಷ್ಟರಲ್ಲಿ ಹೆಣ "ಯವ್ವಾ ಇರುವಿ!" ಅಂತ ಚೀರಿ ಎದ್ದು ಅಂಗಿ ಹರ್ಕೊಂಡು ಕಾಲುವೆ ಕಡೆ ಓಡಿತು. ಏನಾಯ್ತು ಅಂತ ತಿಳಿಯದೆ ದೆವ್ವ ಸೀರೆ ಎತ್ತಿಕೊಂಡು ಊರಿನ ಕಡೆ ಓಡಿತು.

ಮೂರು ನಿಮಿಷ ನಲವತ್ತು ಸೆಕೆಂಡಿನ ಆ ವಿಡಿಯೋ ಮನೆಯವರ ಗುಂಪಿನಲ್ಲಿದೆ. ದೊಡ್ಡವ್ವ ಇಂಗ್ಲಿಷ್ ಸಿನಿಮಾ ಒಂದೇ ಸಲ ನೋಡಿದ್ದು. ಇದನ್ನು ಮಾತ್ರ ಯಾರು ಮನೆಗೆ ಬಂದರೂ ತೋರಿಸ್ತಾಳೆ, ಇರುವೆ ಹತ್ತುವ ಮುಂಚೆಯೇ ನಗೋಕೆ ಶುರು ಮಾಡ್ತಾಳೆ, "ಈಗ ನೋಡ್ರಿ, ಈಗ" ಅಂತ.